ದೀಪಾವಳಿಗೆ ನಾಯಿಯ ಪಾಲಿನ ತಿಂಡಿ: ಬಿಸ್ಕತ್ತೋ, ಗೆಣಸೋ, ಕೋಳಿಯೋ, ಹೆಪ್ಪುಗಟ್ಟಿದ ಮೊಸರೋ?

ಎರಡು ವರ್ಷದ ಹಿಂದಿನ ನರಕ ಚತುರ್ದಶಿಯಂದು ನಮ್ಮ ಮನೆಗೆ ಬಂದಿದ್ದ ಹಿರಿಯರೊಬ್ಬರು ನಮ್ಮ ನಾಯಿ ಕರಿಯನನ್ನು ಹತ್ತಿರ ಕರೆದು, ತಮ್ಮ ತಟ್ಟೆಯ ಕೇಸರಿಬಾತನ್ನು ಉಂಡೆ ಕಟ್ಟಿ ತಿನ್ನಿಸಿದರು. ಪ್ರೀತಿಯಿಂದಲೇ ತಿನ್ನಿಸಿದರು. ನಾನು ಅಡುಗೆಮನೆಯಿಂದ ಹೊರಗೆ ಬರುವ ಹೊತ್ತಿಗೆ ಮೂರನೆಯ ಉಂಡೆ ಒಳಗೆ ಹೋಗಿತ್ತು. ಪಶುವೈದ್ಯರ ಬಳಿಗೆ ಓಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಒಣದ್ರಾಕ್ಷಿ?’ ಕೇಸರಿಬಾತಿನ ದ್ರಾಕ್ಷಿಯನ್ನು ಯಾರು ಎಣಿಸಿ ತಿನ್ನುತ್ತಾರೆ? ವಾಂತಿ ಬರಿಸುವ ಚುಚ್ಚುಮದ್ದು ಕೊಟ್ಟರು, ಎರಡು ದಿನ ಡ್ರಿಪ್ ಹಾಕಿದರು, ರಕ್ತ ಪರೀಕ್ಷೆ ಮಾಡಿದರು. ಕರಿಯ ಉಳಿದುಕೊಂಡ. ಮರುವರ್ಷದಿಂದ ಹಬ್ಬಕ್ಕೆ ಮನುಷ್ಯರ ಕಜ್ಜಾಯದ ಪಾಕ ಒಲೆಗೇರುವ ಮೊದಲೇ ಅವನ ತಿಂಡಿಯನ್ನು ಮಾಡಿ ಮುಗಿಸುತ್ತೇನೆ.

ಇದು ಗೊತ್ತಿರುವ ಗೆಳೆಯರು ನವರಾತ್ರಿ ಮುಗಿಯುತ್ತಿದ್ದಂತೆ ಕೇಳುವುದಕ್ಕೆ ಶುರು ಮಾಡುತ್ತಾರೆ. ರಾಗಿ ಬಿಸ್ಕತ್ತು ಮಾಡಲೇ, ಗೆಣಸು ಒಣಗಿಸಲೇ, ಕೋಳಿ ಒಳ್ಳೆಯದಂತೆ, ಒವನ್ ಇಲ್ಲ, ಮನೆಯಲ್ಲಿ ಮೊಟ್ಟೆ ಒಡೆಯುವಂತಿಲ್ಲ, ಏನು ಮಾಡಲಿ? ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಆ ತಿಂಡಿ ಏನು ಕೆಲಸ ಮಾಡಬೇಕು?

ಏಕೆಂದರೆ ದೀಪಾವಳಿಯಲ್ಲಿ ನಾಯಿಯ ತಿಂಡಿಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು, ಬಂದ ನೆಂಟರ ಕೈಗೆ ಕೊಡುವುದಕ್ಕೆ ಏನಾದರೂ ಇರಬೇಕು. ಇಲ್ಲದಿದ್ದರೆ ಅವರು ತಟ್ಟೆಯಿಂದಲೇ ಕೊಡುತ್ತಾರೆ. ಎರಡು, ಪಟಾಕಿಯ ಹೊತ್ತಿನಲ್ಲಿ ನಾಯಿಯ ಬಾಯಿಗೆ, ಮನಸ್ಸಿಗೆ ಕೆಲಸ ಕೊಡಬೇಕು. ಮೂರು, ಮನೆಯ ನಾಯಿಯ ಜೊತೆಗೆ ಬೀದಿಯ ನಾಲ್ಕೈದು ನಾಯಿಗಳಿಗೂ ಹಬ್ಬದ ಪಾಲು ಹಂಚುವ ಆಸೆಯಿದ್ದರೆ ಅದಕ್ಕೆ ಅಗ್ಗದಲ್ಲಿ ಹೆಚ್ಚು ಆಗುವಂಥದ್ದು ಬೇಕು. ಈ ಮೂರಕ್ಕೂ ಒಂದೇ ತಿಂಡಿ ಒಗ್ಗುವುದಿಲ್ಲ. ಬಿಸ್ಕತ್ತು ಕೊಟ್ಟು ಪಟಾಕಿಯ ಭಯ ಮರೆಸಲು ಹೊರಟವರು, ಹೆಪ್ಪುಗಟ್ಟಿದ ಮೊಸರನ್ನು ನೆಂಟರ ಕೈಗೆ ಕೊಟ್ಟವರು ಇಬ್ಬರನ್ನೂ ನಾನು ನೋಡಿದ್ದೇನೆ. ಎರಡನೆಯವರ ಸೋಫಾವನ್ನೂ ನೋಡಿದ್ದೇನೆ.

ಆರಿಸುವ ಮೊದಲು ಅಳೆಯಬೇಕಾದದ್ದು

ಮೊದಲನೆಯದು ನಾಯಿಯ ತೂಕ. ಪಶುವೈದ್ಯರು ಹೇಳುವ ಸಾಮಾನ್ಯ ನಿಯಮವೆಂದರೆ ದಿನದ ಒಟ್ಟು ಕ್ಯಾಲೊರಿಯಲ್ಲಿ ತಿಂಡಿಯ ಪಾಲು ಶೇಕಡ 10 ದಾಟಬಾರದು. ಸಂತಾನಹರಣ ಚಿಕಿತ್ಸೆಯಾದ, ಸಾಧಾರಣ ಓಡಾಟವಿರುವ ವಯಸ್ಕ ನಾಯಿಗೆ ಲೆಕ್ಕ ಹಾಕಿದರೆ 5 ಕಿಲೋ ತೂಗುವ ಪೊಮೆರೇನಿಯನ್ ತರಹದ ನಾಯಿಗೆ ದಿನಕ್ಕೆ ಸುಮಾರು 37 ಕ್ಯಾಲೊರಿಯಷ್ಟು ತಿಂಡಿ, 10 ಕಿಲೋದ ನಾಯಿಗೆ 60ರ ಆಸುಪಾಸು, ನಮ್ಮ ಹದಿನಾಲ್ಕು ಕಿಲೋದ ಕರಿಯನಿಗೆ 80, ಮೂವತ್ತು ಕಿಲೋದ ಲ್ಯಾಬ್ರಡಾರಿಗೆ 140. ತೂಕ ಆರು ಪಟ್ಟಾದರೂ ಪಾಲು ನಾಲ್ಕು ಪಟ್ಟೂ ಆಗುವುದಿಲ್ಲ ಎಂಬುದನ್ನು ಗಮನಿಸಿ. ದೊಡ್ಡ ನಾಯಿಗೆ ಬುಟ್ಟಿಗಟ್ಟಲೆ ಕೊಡಬಹುದು ಎನ್ನುವುದು ನಮ್ಮ ಭ್ರಮೆ. ಒಂದು ದೊಡ್ಡ ಚಮಚ ಕಡಲೆಕಾಯಿ ಬೆಣ್ಣೆಯಲ್ಲೇ 90 ದಾಟುತ್ತದೆ. ಅಂದರೆ ಕರಿಯನ ದಿನದ ಪಾಲು ಒಂದೇ ಚಮಚದಲ್ಲಿ ಮುಗಿಯಿತು.

ಎರಡನೆಯದು, ಏನು ಹಾಕಬಾರದು ಎಂಬುದು. ಒಣದ್ರಾಕ್ಷಿ ಮತ್ತು ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಇಷ್ಟಾದರೆ ಪರವಾಗಿಲ್ಲ ಎಂಬ ಲೆಕ್ಕವಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ, ಬೆಂದಿರಲಿ, ಪುಡಿಯಿರಲಿ, ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಚಾಕೊಲೇಟಿನ ವಿಷಯ ಎಲ್ಲರಿಗೂ ಗೊತ್ತಿದೆ. ಹೂರಣಕ್ಕೆ ತುರಿದು ಹಾಕುವ ಜಾಯಿಕಾಯಿ ಬೇಡ. ‘ಸಕ್ಕರೆರಹಿತ’ ಎಂದು ಬರೆದ ಕಡಲೆಕಾಯಿ ಬೆಣ್ಣೆ ತಂದರೆ ಲೇಬಲ್ಲಿನಲ್ಲಿ ಸಕ್ಕರೆಯ ಬದಲಿಗೆ ಹಾಕುವ ಝೈಲಿಟಾಲ್ ಎಂದಾಗಲಿ, ಅದರ 967 ಎಂಬ ಸಂಖ್ಯೆಯಾಗಲಿ ಇದೆಯೇ ನೋಡಿ. ಇದ್ದರೆ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಕೆಳಗಿಳಿಸುತ್ತದೆ. ಇನ್ನು ಮುಗ್ಗಲು ಹಿಡಿದ ಕಡಲೆಕಾಯಿ, ಜೋಳದ ಹಿಟ್ಟು. ಹುಳ ಹಿಡಿದರೆ ‘ನಾಯಿಗಾಯಿತು’ ಎಂದು ಎತ್ತಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆಯಲ್ಲ, ಅದನ್ನು ಬೂಷ್ಟಿಗೂ ವಿಸ್ತರಿಸಬೇಡಿ. ಬೂಷ್ಟಿನ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತನ್ನು ತಿನ್ನುತ್ತದೆ.

ತುಪ್ಪ ವಿಷವಲ್ಲ. ಆದರೆ ಹಬ್ಬದ ದಿನ ಒಮ್ಮೆಲೇ ಜಿಡ್ಡು ತಿಂದ ನಾಯಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುವ ಅಪಾಯವಿದೆ. ಬೆಲ್ಲ, ಉಪ್ಪು ಎರಡೂ ಬೇಡ. ಅವಿಲ್ಲವೆಂದು ನಾಯಿ ಯಾವತ್ತೂ ದೂರಿಲ್ಲ.

ಉಳಿದವು ನಿಮ್ಮ ಮನೆಯ ಪ್ರಶ್ನೆಗಳು. ಒವನ್ ಇದೆಯೇ? ಅಡುಗೆಮನೆಗೆ ಮೊಟ್ಟೆ, ಮಾಂಸ ಬರುತ್ತದೆಯೇ? ನಾಯಿಗೆ ಹಲ್ಲಿದೆಯೇ? ನೀವಿರುವುದು ಬಯಲುಸೀಮೆಯಲ್ಲೋ, ಕಡಲತೀರದಲ್ಲೋ? ಕೊನೆಯ ಪ್ರಶ್ನೆ ಏಕೆಂಬುದು ಬಿಸ್ಕತ್ತಿನ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ರಾಗಿ ಮತ್ತು ಸಿಹಿಗುಂಬಳದ ಬಿಸ್ಕತ್ತು

ನೆಂಟರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕೈಗೆ ಅಂಟುವುದಿಲ್ಲ, ವಾಸನೆಯಿಲ್ಲ, ಮಕ್ಕಳು ಬಾಯಿಗೆ ಹಾಕಿಕೊಂಡರೂ ಚಿಂತೆಯಿಲ್ಲ. (ನಮ್ಮ ಪಕ್ಕದ ಮನೆಯ ಹುಡುಗ ಹಾಕಿಕೊಂಡ, ‘ಸಪ್ಪೆ’ ಎಂದು ಕರಿಯನಿಗೆ ದಾಟಿಸಿದ.)

ಒಂದು ಲೋಟ ರಾಗಿ ಹಿಟ್ಟು, ಅರ್ಧ ಲೋಟ ಗೋಧಿ ಹಿಟ್ಟು, ಹಬೆಯಲ್ಲಿ ಬೇಯಿಸಿ ಹಿಸುಕಿದ ಸಿಹಿಗುಂಬಳ ಅರ್ಧ ಲೋಟ, ಒಂದು ಮೊಟ್ಟೆ, ಒಂದು ಚಿಕ್ಕ ಚಮಚ ಎಣ್ಣೆ. ರಾಗಿಯಲ್ಲಿ ಅಂಟಿಲ್ಲ. ಬರೀ ರಾಗಿಯಿಂದ ಮಾಡಲು ಹೋದರೆ ಲಟ್ಟಣಿಗೆಯ ಕೆಳಗೆ ಹಿಟ್ಟು ಬಿರುಕು ಬಿಟ್ಟ ಕೆರೆಯಂತಾಗುತ್ತದೆ, ಅದಕ್ಕೇ ಗೋಧಿ. ಗೋಧಿ ಒಗ್ಗದ ನಾಯಿಯಾದರೆ ಅಕ್ಕಿ ಹಿಟ್ಟು ಬೆರೆಸಿ, ಲಟ್ಟಿಸುವ ಬದಲು ಅಂಗೈಯಲ್ಲಿ ತಟ್ಟಿ. ಮೊಟ್ಟೆ ಒಡೆಯದ ಮನೆಯಾದರೆ ಒಂದು ಚಮಚ ಅಗಸೆಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿಡಿ. ಲೋಳೆಯಾಗುತ್ತದೆ, ಮೊಟ್ಟೆಯ ಕೆಲಸವನ್ನು ಅದೇ ಮಾಡುತ್ತದೆ.

ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕತ್ತರಿಸಿದರೆ ನೂರರ ಹತ್ತಿರ ಬಿಸ್ಕತ್ತುಗಳಾಗುತ್ತವೆ. ಒಂದೊಂದಕ್ಕೆ ಏಳೆಂಟು ಕ್ಯಾಲೊರಿ. ಈ ಚಿಕ್ಕ ಅಳತೆಯಲ್ಲೇ ಇದರ ಜಾಣತನವಿರುವುದು: ಹತ್ತು ಜನ ನೆಂಟರು ಒಂದೊಂದು ಕೊಟ್ಟರೂ ಕರಿಯನ ಪಾಲು ಮೀರುವುದಿಲ್ಲ. ಅಂಗಡಿಯಲ್ಲಿ ಸಿಗುವ ಮೂಳೆಯಾಕಾರದ ಅಚ್ಚನ್ನು ತಂದು ಅಂಗೈಯಗಲದ ಬಿಸ್ಕತ್ತು ಮಾಡುವವರಿದ್ದಾರೆ. ಫೋಟೊಕ್ಕೆ ಚೆಂದ. ನಾಯಿಗೆ ಆಕಾರ ಕಾಣುವುದಿಲ್ಲ, ಎಷ್ಟು ಸಲ ಸಿಕ್ಕಿತು ಎನ್ನುವುದು ಮಾತ್ರ ನೆನಪಿರುತ್ತದೆ.

ಒವನ್ನಿನಲ್ಲಾದರೆ 160 ಡಿಗ್ರಿಯಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ. ಆಮೇಲೆ ಒವನ್ ಆರಿಸಿ, ಅದೇ ಬಿಸಿಯಲ್ಲಿ ಇನ್ನೊಂದು ಗಂಟೆ ಬಿಡಿ. ಈ ಎರಡನೆಯ ಗಂಟೆಯನ್ನು ಬಿಟ್ಟವರೇ ‘ಮೂರು ದಿನಕ್ಕೆ ಬೂಷ್ಟು ಬಂತು’ ಎಂದು ಫೋನ್ ಮಾಡುವವರು. ಕುಂಬಳದ ತೇವ ಬಿಸ್ಕತ್ತಿನ ನಡುವೆ ಅಡಗಿ ಕೂತಿರುತ್ತದೆ. ಒಂದನ್ನು ಮುರಿದು ನೋಡಿ: ಟಪ್ಪೆಂದು ಮುರಿದರೆ ಆಯಿತು, ಬಾಗಿದರೆ ಇನ್ನೂ ಒಣಗಬೇಕು. ಚೆನ್ನಾಗಿ ಒಣಗಿದ್ದು ಮೈಸೂರು, ಬಳ್ಳಾರಿಯ ಕಡೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇರುತ್ತದೆ. ಮಂಗಳೂರು, ಕಾರವಾರದ ಗಾಳಿಯಲ್ಲಿ ಆ ಭರವಸೆ ಬೇಡ, ಫ್ರಿಜ್ಜಿನಲ್ಲಿಡಿ.

ಒವನ್ ಇಲ್ಲದವರು ದಪ್ಪ ತಳದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚಿ, ಎರಡೂ ಕಡೆ ಹತ್ತು ಹತ್ತು ನಿಮಿಷ ಬೇಯಿಸಬಹುದು. ರುಚಿಗೆ ಕೊರತೆಯಿಲ್ಲ, ಬಾಳಿಕೆಗೆ ಕೊರತೆ. ಇವನ್ನು ಐದು ದಿನದೊಳಗೆ ಮುಗಿಸಿ.

ಇದರ ದೋಷ? ಕರಿಯ ಒಂದು ಬಿಸ್ಕತ್ತನ್ನು ತಿನ್ನುವುದಕ್ಕೆ ತೆಗೆದುಕೊಳ್ಳುವ ಸಮಯ ಎರಡು ಸೆಕೆಂಡು. ಪಟಾಕಿಯ ರಾತ್ರಿಗೆ ಇದು ಯಾವ ಪ್ರಯೋಜನಕ್ಕೂ ಬಾರದು.

ಒಣಗಿಸಿದ ಗೆಣಸು

ಎಲ್ಲಕ್ಕಿಂತ ಸುಲಭ, ಸಸ್ಯಾಹಾರಿ ಮನೆಗೂ ಸೈ, ಹಿಟ್ಟು ಕಲಸುವ ರಗಳೆಯಿಲ್ಲ. ಗೆಣಸನ್ನು ಉದ್ದಕ್ಕೆ, ಕಿರುಬೆರಳ ಅರ್ಧದಷ್ಟು ದಪ್ಪಕ್ಕೆ ಸೀಳಿ, 100 ಡಿಗ್ರಿಯಲ್ಲಿ ಮೂರು ಗಂಟೆ ಒಣಗಿಸಬೇಕು, ನಡುವೆ ಒಮ್ಮೆ ಮಗುಚಬೇಕು. ತೊಗಲಿನಂತೆ ಬಾಗುವ ಪಟ್ಟಿಗಳಾಗುತ್ತವೆ. ಅರ್ಧ ಕಿಲೋ ಗೆಣಸಿಗೆ ನೂರೈವತ್ತು ಗ್ರಾಂ ಸಿಕ್ಕಿದರೆ ಹೆಚ್ಚು. ಹದಿನೈದು ಪಟ್ಟಿಗಳಾದರೆ ಒಂದೊಂದಕ್ಕೆ ಸುಮಾರು 30 ಕ್ಯಾಲೊರಿ. ಒಂದು ಪಟ್ಟಿ ಕರಿಯನನ್ನು ಐದಾರು ನಿಮಿಷ ಕೂರಿಸುತ್ತದೆ.

ಹಣದ ಲೆಕ್ಕದಲ್ಲಿ ಗೆಣಸು ಅಗ್ಗ, ಆದರೆ ಮೂರು ಗಂಟೆಯ ವಿದ್ಯುತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಪ್ಪಳದಂತೆ ಬಿಸಿಲಿಗೆ ಹಾಕಬಹುದಲ್ಲ ಎಂದು ಕೇಳುತ್ತಾರೆ. ಬೇಸಿಗೆಯಲ್ಲಿ ಹಾಕಬಹುದು. ದೀಪಾವಳಿ ಬರುವುದು ಹಿಂಗಾರಿನ ಹೊತ್ತಿಗೆ; ಮಧ್ಯಾಹ್ನದ ಬಿಸಿಲನ್ನು ನಂಬಿ ಗೆಣಸು ಹರವಿದರೆ ಸಂಜೆಗೆ ಅರ್ಧ ಒಣಗಿದ, ಅರ್ಧ ಹುಳಿ ಬಂದ ಪಟ್ಟಿಗಳು ಉಳಿಯುತ್ತವೆ. ನುಂಗುಬಾಕ ನಾಯಿಗೆ ಉದ್ದ ಪಟ್ಟಿ ಕೊಟ್ಟು ಆಚೆ ಹೋಗಬೇಡಿ, ಗಂಟಲಿಗೆ ಸಿಕ್ಕೀತು. ಮಧುಮೇಹವಿರುವ ನಾಯಿಗೆ ಇದು ಬೇಡವೇ ಬೇಡ.

ಕೋಳಿ

ನಾಯಿಯನ್ನೇ ತೀರ್ಪು ಕೇಳಿದರೆ ಮೊದಲ ಬಹುಮಾನ ಇದಕ್ಕೇ. ಮುಧೋಳ ನಾಯಿ ಸಾಕಿದ ಗೆಳೆಯನೊಬ್ಬ ಹೇಳುತ್ತಾನೆ, ಅವನ ನಾಯಿ ಬಿಸ್ಕತ್ತನ್ನು ಮೂಸಿ ಮುಖ ತಿರುಗಿಸುತ್ತದಂತೆ, ಕೋಳಿ ಕಂಡರೆ ಮಾತ್ರ ಹೆಸರು ಕೇಳಿಸುತ್ತದಂತೆ. ಮೈಯಲ್ಲಿ ಕೊಬ್ಬಿಲ್ಲದ, ತಿಂಡಿಗೆ ಬಗ್ಗದ ಇಂಥ ನಾಯಿಗಳಿಗೆ ಕೋಳಿಯೇ ಸರಿ.

ಮೂಳೆಯಿಲ್ಲದ ಎದೆ ಮಾಂಸವನ್ನು ತೆಳ್ಳಗೆ ಸೀಳಿ, ಮೊದಲು ಹತ್ತು ನಿಮಿಷ ಹಬೆಯಲ್ಲಿ ಪೂರ್ತಿ ಬೇಯಿಸಿ, ಆಮೇಲೆ 90 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಬೇಕು. ಹಸಿ ಮಾಂಸವನ್ನೇ ಸಣ್ಣ ಬಿಸಿಯಲ್ಲಿ ಒಣಗಿಸುವ ವಿಧಾನವನ್ನು ಹಲವರು ಹೇಳಿಕೊಡುತ್ತಾರೆ, ನಾನು ಒಪ್ಪುವುದಿಲ್ಲ. ಮೇಲ್ಮೈ ಗಟ್ಟಿಯಾಗಿ ಒಳಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ಬದುಕುಳಿಯಬಹುದು, ಆ ತುಂಡನ್ನು ಮುಟ್ಟುವ ಕೈ ನಿಮ್ಮ ಮಕ್ಕಳದ್ದೂ ಆಗಿರುತ್ತದೆ. ಅರ್ಧ ಕಿಲೋ ಮಾಂಸ ನೂರೈವತ್ತು ಗ್ರಾಮಿಗೆ ಇಳಿಯುತ್ತದೆ, ಹಾಗಾಗಿ ಈ ಪಟ್ಟಿಯಲ್ಲಿ ಇದೇ ದುಬಾರಿ. ಒಂದೊಂದು ಗ್ರಾಮಿಗೆ ನಾಲ್ಕು ಕ್ಯಾಲೊರಿ. ಬಟಾಣಿ ಕಾಳಿನಷ್ಟು ಚೂರು ಮಾಡಿಟ್ಟುಕೊಂಡರೆ ಮಿತವ್ಯಯವೂ ಆಯಿತು. ಫ್ರಿಜ್ಜಿನಲ್ಲಿ ನಾಲ್ಕೈದು ದಿನ, ಫ್ರೀಜರಿನಲ್ಲಿ ತಿಂಗಳು.

ಅಗ್ಗದಲ್ಲಿ ಆಗಲಿ ಎಂದರೆ ಕೋಳಿ ಲಿವರ್ ತನ್ನಿ. ಅದರ ವಾಸನೆಗೆ ನಾಯಿ ಬಾಗಿಲಾಚೆಯಿಂದಲೇ ಬರುತ್ತದೆ. ಆದರೆ ಅದರಲ್ಲಿ ಎ ಜೀವಸತ್ವ ವಿಪರೀತ, ದಿನವೂ ಕೊಡುತ್ತ ಹೋದರೆ ಮೈಯಲ್ಲಿ ಶೇಖರವಾಗಿ ಮೂಳೆಗೆ ತೊಂದರೆ. ಹಬ್ಬದ ಮೂರು ದಿನಕ್ಕೆ ಚೂರುಚೂರು ಕೊಟ್ಟರೆ ಅಡ್ಡಿಯಿಲ್ಲ.

ಕೋಳಿ ಬೇಯಿಸಿದ ನೀರನ್ನು ಚೆಲ್ಲಬೇಡಿ. ಉಪ್ಪು, ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಏನೂ ಸೋಕದ ಆ ನೀರು ಮುಂದಿನ ತಿಂಡಿಗೆ ಬೇಕು.

ಹೆಪ್ಪುಗಟ್ಟಿದ ಮೊಸರು

ಬೇಯಿಸುವ ಮಾತಾಡುತ್ತ ಫ್ರೀಜರಿಗೆ ಬಂದೆನೆಂದು ನಗಬೇಡಿ. ಪಟಾಕಿಯ ರಾತ್ರಿಗೆ ನಾನು ನೆಚ್ಚುವುದು ಇದೊಂದನ್ನೇ.

ನಡುವೆ ಪೊಳ್ಳಿರುವ ಗಟ್ಟಿ ರಬ್ಬರಿನ ಆಟಿಕೆ ಬೇಕು. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಒಳ್ಳೆಯದಕ್ಕೆ ಬೆಲೆ ಹೆಚ್ಚೇ, ಆದರೆ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ನಾಲ್ಕು ಚಮಚ ಸಪ್ಪೆ ಮೊಸರು, ಎರಡು ಚಮಚ ಬೆಂದ ಸಿಹಿಗುಂಬಳ, ಎರಡು ಬಿಲ್ಲೆ ಬಾಳೆಹಣ್ಣು. ಹಾಲು ಒಗ್ಗದ ನಾಯಿಗೆ ಮೊಸರಿನ ಬದಲು ಕೋಳಿ ಬೇಯಿಸಿದ ನೀರು. ಚಿಕ್ಕ ತೂತನ್ನು ಕುಂಬಳದಿಂದ ಮುಚ್ಚಿ, ತುಂಬಿ, ಒಂದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆಯೇ ಫ್ರೀಜರಿನಲ್ಲಿಡಬೇಕು. ಒಟ್ಟು 60 ಕ್ಯಾಲೊರಿಯೊಳಗೆ ಮುಗಿಯುತ್ತದೆ.

ಆಟಿಕೆಗೆ ದುಡ್ಡು ಹಾಕುವುದೇಕೆಂದು ಮೊದಲ ವರ್ಷ ನಾನು ತೆಂಗಿನ ಕರಟದಲ್ಲಿ ತುಂಬಿಸಿಟ್ಟಿದ್ದೆ. ಕರಿಯ ನೆಕ್ಕುವವರೆಗೆ ನೆಕ್ಕಿದ, ಆಮೇಲೆ ಕರಟವನ್ನೇ ಕಡಿದ. ಕೆಳ ದವಡೆಯ ಹಲ್ಲಿಗೂ ಒಸಡಿಗೂ ನಡುವೆ ಸಿಕ್ಕಿಕೊಂಡ ಚೂಪು ಚೂರನ್ನು ಟಾರ್ಚ್ ಹಿಡಿದು, ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದದ್ದು ನೆನಪಿದೆ. ಅವನು ಅಲುಗಾಡದೆ ಕೂತಿದ್ದ, ನನ್ನ ಕೈ ನಡುಗುತ್ತಿತ್ತು. ಆಟಿಕೆ ಬೇಡವೆಂದರೆ ಅಗಲ ಬಾಯಿಯ ಬಟ್ಟಲಿನಲ್ಲಿ ತೆಳ್ಳಗೆ ಹೆಪ್ಪುಗಟ್ಟಿಸಿ ಕೊಡಿ. ಕರಟ ಬೇಡ.

2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯ ಪಟಾಕಿಗೆ ರಾತ್ರಿ ಎಂಟರಿಂದ ಹತ್ತರವರೆಗಿನ ಹೊತ್ತನ್ನು ಗೊತ್ತುಮಾಡಿತು. ನಮ್ಮ ಬೀದಿಯ ಹುಡುಗರ ಗಡಿಯಾರವೇ ಬೇರೆ, ಆದರೂ ಸದ್ದು ದಟ್ಟವಾಗುವುದು ಆ ಎರಡು ಗಂಟೆಗಳಲ್ಲೇ. ಏಳೂವರೆಗೆ ಕರಿಯನನ್ನು ಸುತ್ತಾಡಿಸಿ ತಂದು, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮೊದಲ ಸರ ಸಿಡಿಯುವುದಕ್ಕೆ ಮುಂಚೆಯೇ ಆಟಿಕೆಯನ್ನು ಮುಂದಿಡುತ್ತೇನೆ. ಹೆದರಿದ ಮೇಲೆ ಕೊಟ್ಟರೆ ಮುಟ್ಟುವುದಿಲ್ಲ. ಒಂದು ಆಟಿಕೆ ಅವನಿಗೆ ಇಪ್ಪತ್ತೈದು ನಿಮಿಷದ ಕೆಲಸ. ಎರಡನ್ನು ಇಟ್ಟುಕೊಂಡು, ತುಂಬುವ ಸಾಮಾನನ್ನು ಅರ್ಧರ್ಧ ಮಾಡುವುದು ಮೇಲು. ಮಂಚದ ಕೆಳಗೆ ಸೇರಿ ನಡುಗುತ್ತ, ಏನನ್ನೂ ಮೂಸದ ನಾಯಿಯಾದರೆ ತಿಂಡಿಯ ಮಾತೇ ಬೇಡ. ಹಬ್ಬಕ್ಕೆ ಒಂದೆರಡು ವಾರ ಮೊದಲೇ ವೈದ್ಯರನ್ನು ಕಂಡು ಭಯಕ್ಕೆ ಔಷಧಿ ಕೇಳಿ.

ರಾಗಿ ಇಡ್ಲಿ

ಹಲ್ಲು ಉದುರಿದ ಮುದಿ ನಾಯಿಗೆ, ಬೀದಿಯ ನಾಯಿಗಳಿಗೆ ಹಂಚುವುದಕ್ಕೆ ಇದು. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಮೊಟ್ಟೆ, ತುರಿದ ಒಂದು ಗಜ್ಜರಿ, ಇಡ್ಲಿ ಹಿಟ್ಟಿನ ಹದಕ್ಕೆ ನೀರು ಹಾಕಿ, ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಬೇಯಿಸಿದರೆ ಹತ್ತಾಗುತ್ತವೆ. ಸೋಡಾ ಹಾಕಬೇಡಿ, ಉಬ್ಬದಿದ್ದರೆ ನಾಯಿಗೇನು. ಒಂದಕ್ಕೆ 60 ಕ್ಯಾಲೊರಿ. ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಇಡಬಾರದು. ಹಲ್ಲಿರುವ ನಾಯಿಗೆ ಇದು ಒಂದೇ ತುತ್ತು, ಖುಷಿ ಕಡಿಮೆ.

ನೇಪಾಳದಲ್ಲಿ ತಿಹಾರ್ ಹಬ್ಬದ ಎರಡನೆಯ ದಿನ ಕುಕುರ್ ತಿಹಾರ್, ಅಂದರೆ ನಾಯಿಗಳ ಹಬ್ಬ. ಮನೆಯ ನಾಯಿ, ಬೀದಿಯ ನಾಯಿ ಎನ್ನದೆ ಹಣೆಗೆ ತಿಲಕವಿಟ್ಟು, ಕೊರಳಿಗೆ ಹೂವಿನ ಹಾರ ಹಾಕಿ ತಿನ್ನಿಸುತ್ತಾರೆ. ಅದು ಬರುವುದು ನಮ್ಮ ನರಕ ಚತುರ್ದಶಿಯ ಹೊತ್ತಿಗೇ. ನಾವು ಬಲಿಪಾಡ್ಯಮಿಗೆ ಹಸುವಿನ ಕೊಂಬಿಗೆ ಬಣ್ಣ ಹಚ್ಚುತ್ತೇವೆ, ನಾಯಿಯ ಹಿಂದೆ ಪಟಾಕಿ ಹಚ್ಚುತ್ತೇವೆ. ಬೀದಿಗೆ ಹಂಚುವವರು ಸಂಜೆಗೆ ಕಾಯದೆ ಬೆಳಿಗ್ಗೆಯೇ, ಬೇರೆಯವರ ಗೇಟಿನಿಂದ ದೂರದಲ್ಲಿ, ಒಂದೊಂದನ್ನೂ ಬೇರೆ ಬೇರೆ ಎಲೆಯ ಮೇಲಿಟ್ಟು ಕೊಡಿ. ಒಂದೇ ಕಡೆ ಸುರಿದರೆ ಜಗಳ ಖಾತ್ರಿ.

ಕೊಂಡು ತರುವುದಾದರೆ?

ಬಿಡುವಿಲ್ಲದವರು ತರಲಿ, ಅದರಲ್ಲಿ ಪಾಪವೇನೂ ಇಲ್ಲ. ಪೊಟ್ಟಣದ ಹಿಂದೆ ಉಪ್ಪು, ಸಕ್ಕರೆ ಪಟ್ಟಿಯ ಮೊದಲಲ್ಲೇ ಬಂದರೆ, ಒಂದು ತುಂಡಿನ ಕ್ಯಾಲೊರಿಯನ್ನು ಬರೆದೇ ಇಲ್ಲದಿದ್ದರೆ ಬಿಡಿ. ಮಾಮೂಲಿ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಅಗ್ಗವೆಂದು ತಂದು ಮುಗಿಸುವುದಕ್ಕಿಂತ ನಾಲ್ಕು ಗೆಣಸು ಬೇಯಿಸಿ ಹೋಳು ಮಾಡಿ ಕೊಡುವುದು ಲೇಸು, ಖರ್ಚೂ ಹೆಚ್ಚಲ್ಲ.

ಹಾಗಾದರೆ ಯಾರಿಗೆ ಯಾವುದು? ಒವನ್ ಇದ್ದು, ನೆಂಟರಿಷ್ಟರು ಹೆಚ್ಚು ಬರುವ ಮನೆಯಾದರೆ ಕಣ್ಣು ಮುಚ್ಚಿಕೊಂಡು ಬಿಸ್ಕತ್ತು ಮಾಡಿ. ನಾಯಿ ಪಟಾಕಿಗೆ ಬೆದರುವುದಾದರೆ ಬಿಸ್ಕತ್ತಿಗಿಂತ ಮೊದಲು ಆಟಿಕೆಗೆ ಹಣ ತೆಗೆದಿಡಿ. ಮೈ ಬಂದಿರುವ ನಾಯಿಗೆ ಗೆಣಸು ಬೇಡ, ಕೋಳಿಯ ಚೂರು ಅಥವಾ ಬರೀ ಬೆಂದ ಕುಂಬಳದ ಹೋಳು. ಸಸ್ಯಾಹಾರಿ ಮನೆಯಲ್ಲಿ ಒವನ್ನೂ ಇಲ್ಲವೆಂದರೆ ಕಾವಲಿ ಬಿಸ್ಕತ್ತು, ಮೊಸರಿನ ಬಟ್ಟಲು ಎರಡರಲ್ಲೇ ಹಬ್ಬ ಸಾಗುತ್ತದೆ. ಯಾವುದನ್ನೇ ಆರಿಸಿ, ಹಬ್ಬಕ್ಕೆ ನಾಲ್ಕು ದಿನ ಮೊದಲು ಒಂದು ಚೂರು ಕೊಟ್ಟು ಹೊಟ್ಟೆ ಒಪ್ಪುತ್ತದೆಯೇ ನೋಡಿಕೊಳ್ಳಿ. ಹಬ್ಬದ ದಿನ ವೈದ್ಯರು ಸಿಗುವುದು ಕಷ್ಟ.

ನಮ್ಮ ಮನೆಯಲ್ಲಿ ಈ ವರ್ಷವೂ ಬಾಗಿಲ ಬಳಿ ಬಿಸ್ಕತ್ತಿನ ಡಬ್ಬಿ ಇರುತ್ತದೆ. ಅದರ ಮೇಲೆ ‘ಕರಿಯನಿಗೆ ಇದನ್ನು ಮಾತ್ರ ಕೊಡಿ. ದಿನಕ್ಕೆ ಹತ್ತು. ಕೊಟ್ಟವರು ಗೀಟು ಹಾಕಿ’ ಎಂದು ಬರೆದ ಚೀಟಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್. ಹೋದ ವರ್ಷ ಸಂಜೆ ಏಳಕ್ಕೆ ಎಣಿಸಿದಾಗ ಇಪ್ಪತ್ಮೂರು ಗೀಟುಗಳಿದ್ದವು, ಡಬ್ಬಿಯಲ್ಲಿ ನಲವತ್ತು ಬಿಸ್ಕತ್ತು ಕಡಿಮೆಯಿತ್ತು. ಹಾಗಾಗಿ ಈ ಸಲ ಡಬ್ಬಿಗೆ ಬೆಳಿಗ್ಗೆ ಹತ್ತನ್ನೇ ಹಾಕಿಡುತ್ತೇನೆ.